ಮೂರನೇ ತೂತಿನ ಚರಿತ್ರೆ

ಗೋಕಾಕ ಅಂದಕೂಡಲೇ ಬೆಂಗಳೂರಿನ ಗೆಳೆಯರಿಗೆ ನೆನಪಾಗುವುದು ಕರದಂಟು, ಆಮೇಲೆ ಫಾಲ್ಸ್. ನಮ್ಮ ಕಡೆಯವರು ಇನ್ನೊಂದನ್ನು ಸೇರಿಸುತ್ತಾರೆ: ದೇಶದಲ್ಲೇ ಮೊದಲು ಕರೆಂಟ್ ಹುಟ್ಟಿದ್ದು ನಮ್ಮಲ್ಲಿ, 1887ರಲ್ಲಿ! ಡಾರ್ಜಿಲಿಂಗ್‌ನವರು ಇದನ್ನು ಒಪ್ಪಲಿಕ್ಕಿಲ್ಲ, ಅವರ ಬಳಿ 1897ರ ಸಿದ್ರಾಪೊಂಗ್ ಇದೆ. ಅದೇನೇ ಇರಲಿ, 52 ಮೀಟರ್ ಎತ್ತರದಿಂದ ಬೀಳುವ ಘಟಪ್ರಭೆಯ ನೀರಿನ ಬಲದ ಮೇಲೆ ಅಲ್ಲಿ ನೂಲಿನ ಗಿರಣಿ ನಡೆದದ್ದಂತೂ ಖರೆ.

ಗಿರಣಿಗೆ ಸಿಕ್ಕ ಬಲ ಹಳ್ಳಿಯ ಮನೆಗಳಿಗೆ ಸಿಗಲು ಬಹಳ ವರ್ಷ ಬೇಕಾಯಿತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾದಾಗ ಪ್ರಯೋಗಕ್ಕೆಂದು ದೇಶದ ಐದು ಕಡೆ ವಿದ್ಯುತ್ ಸಹಕಾರಿ ಸಂಘ ಕಟ್ಟಿದರು. ಅದರಲ್ಲಿ ಒಂದು ನಮ್ಮ ಹುಕ್ಕೇರಿ. ಸಗಟಾಗಿ ಕರೆಂಟ್ ಕೊಂಡು ತಾಲೂಕಿಗೆ ಹಂಚುವ ಈ ಸಂಘ ಇನ್ನೂ ಜೀವಂತವಾಗಿದೆ. ಅದರ ಚುನಾವಣೆಯ ಬಿಸಿ ನೋಡಿದರೆ ಜೀವಂತ ಅನ್ನುವುದೂ ಕಡಿಮೆಯೇ.

ಆಗ ಮನೆಗೆ ಬಂದದ್ದು ಬಲ್ಬು. 1979-80ರಲ್ಲಿ ಶುರುವಾದ ಭಾಗ್ಯಜ್ಯೋತಿಯಲ್ಲೂ ಬಡವರ ಮನೆಗೆ ಸಿಕ್ಕಿದ್ದು 40 ವ್ಯಾಟಿನ ಒಂದು ದೀಪ. ಬಲ್ಬಿಗೆ ಎರಡೇ ತಂತಿ ಸಾಕು, ಜಂತಿಯಿಂದ ತೂಗುವ ಅದನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ನೀರು ಕಾಯಿಸುವ ಕಾಯಿಲ್ ಒಂದೊಂದಾಗಿ ಬಂದವು. ಇವು ಕೈಗೆ ತಾಗುವ ಲೋಹದ ಸಾಮಾನು. ಆದರೆ ಪ್ಲಗ್ಗಿಗೆ ತಂತಿ ಎಳೆದದ್ದು ಅದೇ ಎರಡು ತಂತಿಯ ದೀಪದ ಲೈನಿನಿಂದ. ಸಾಕೆಟ್ಟಿನಲ್ಲಿ ಮೂರನೇ ತೂತು ಇದೆ, ಹಿಂದೆ ಏನೂ ಇಲ್ಲ. "ಕರೆಂಟ್ ಬರ್ತೈತಲ್ರಿ, ಮತ್ತೇನ್ ಬೇಕು?" ಅಂತಾನೆ ವೈರ್‌ಮನ್.

ಆ ತೂತಿನ ಪಿನ್ನು ಉದ್ದ, ದಪ್ಪ ಯಾಕೆ ಗೊತ್ತಾ? ದಪ್ಪ, ಬೇರೆ ತೂತಿಗೆ ಹೋಗಬಾರದೆಂದು. ಉದ್ದ, ಅದು ಮೊದಲು ಕೂಡಬೇಕು, ಕೊನೆಗೆ ಬಿಡಬೇಕೆಂದು. 1934ರ ಬ್ರಿಟಿಷ್ ಮಾನಕದ ಈ ದುಂಡು ಪಿನ್ನನ್ನು ಬ್ರಿಟನ್ನಿನ ಮನೆಗಳು 1947ರ ನಂತರ ಬಿಡುತ್ತಾ ಬಂದವು, ನಾವು ಇಟ್ಟುಕೊಂಡೆವು. ಎರಡು ಪಿನ್ನಿನ ಚಾರ್ಜರ್ ಹಾಕಲು ಅಲ್ಲಿ ಪೆನ್ನು ತುರುಕುವ ನಾವು ಮಾಡುವುದು ಅರ್ಥ್ ಪಿನ್ನು ತೆರೆಯಬೇಕಾದ ಬಾಗಿಲನ್ನು ಕಳ್ಳತನದಿಂದ ತೆರೆಯುವ ಕೆಲಸ.

ಫ್ಯೂಸ್ ಇದೆಯಲ್ಲ ಅನ್ನಬೇಡಿ. ಅದು ಇರುವುದು ತಂತಿ ಸುಡದಿರಲಿ ಅಂತ. 5 ಆಂಪಿನ ಫ್ಯೂಸಿಗೆ ನಿಮ್ಮ ಮೈಯಲ್ಲಿ ಹರಿಯುವ 100 ಮಿಲಿಆಂಪ್ ಲೆಕ್ಕಕ್ಕೇ ಇಲ್ಲ. ನಿಮ್ಮ ಹೃದಯಕ್ಕೆ ಅಷ್ಟು ಸಾಕು. ಅರ್ಥ್ ತಂತಿ ಸರಿ ಇದ್ದರೆ, ಫ್ರಿಜ್ಜಿನ ಮೈಗೆ ಸೋರಿದ ಕರೆಂಟ್ ಆ ದಾರಿಯಲ್ಲಿ ನುಗ್ಗಿ ಫ್ಯೂಸನ್ನು ಹಾರಿಸಬೇಕು.

ನುಗ್ಗಲು ನೆಲವೂ ಒಪ್ಪಬೇಕು. ಮೂಡಲಗಿ ಕಡೆಯ ಕರಿ ನೆಲ ಏಪ್ರಿಲ್‌ನಲ್ಲಿ ಬಿರುಕು ಬಿಡುತ್ತದೆ. ಗುಂಡಿಯ ರೋಧ 50 ಓಮ್ ಅಂದುಕೊಳ್ಳಿ: 230 ಭಾಗಿಸು 50, ಹರಿಯುವುದು 4.6 ಆಂಪ್. ಫ್ಯೂಸ್ ಮಿಸುಕುವುದಿಲ್ಲ, ಫ್ರಿಜ್ಜಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು, ಬೇಸಿಗೆಯಲ್ಲಿ ಕೊಡ ನೀರು ಹೊಯ್ಯುವುದು. ಇದನ್ನು ಮೂಢನಂಬಿಕೆ ಅಂದುಕೊಂಡ ಇಂಜಿನಿಯರ್‌ಗಳನ್ನೂ ನಾನು ನೋಡಿದ್ದೇನೆ.

ಇನ್ನೂ ಗಟ್ಟಿ ಕಾವಲು ಅಂದರೆ 30 ಮಿಲಿಆಂಪ್ ಸೋರಿಕೆಗೇ ಲೈನ್ ಕತ್ತರಿಸುವ ಆರ್‌ಸಿಸಿಬಿ. ಆದರೆ 2010ರ ಕೇಂದ್ರ ನಿಯಮ ಸೋರಿಕೆ ತಡೆಯುವ ಸಾಧನ ಕಡ್ಡಾಯ ಮಾಡುವಾಗ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನು ಹೊರಗಿಟ್ಟಿತು. ಅಂದರೆ ಎರಡು ತಂತಿಯ ಮೇಲೆ ಬೆಳೆದ ಮನೆಗಳನ್ನೇ! ನನಗೆ ಇದು ತಿರುಗುಮುರುಗು ಅನ್ನಿಸುತ್ತದೆ. ನಿಮ್ಮ ಫ್ಲ್ಯಾಟಿನ ಬೋರ್ಡಿನಲ್ಲಿ 'ಟೆಸ್ಟ್' ಅಂತ ಬರೆದ ಗುಂಡಿ ಇರಬೇಕು. ಒತ್ತಿ ನೋಡಿ, ದೀಪ ಆರಬೇಕು. ಊರಿನ ಮನೆಯಲ್ಲಿ ಆ ಗುಂಡಿಯೇ ಇಲ್ಲದಿದ್ದರೆ, ಮುಂದಿನ ಸಲ ಹೋಗುವಾಗ ಕರದಂಟಿನ ದುಡ್ಡಿನ ಜೊತೆ ಅದರ ದುಡ್ಡನ್ನೂ ಇಟ್ಟುಕೊಳ್ಳಿ.