ನೀರು ಶೋಧಿಸುವ ಪೊರೆಗಳಲ್ಲಿ ನ್ಯಾನೊವಸ್ತುಗಳು

ನೀರು ಶೋಧಿಸುವ ಪಾಲಿಮರ್ ಪೊರೆಗಳ ಒಳಗೆ ಅಥವಾ ಮೇಲ್ಮೈಯಲ್ಲಿ ಅತಿಸೂಕ್ಷ್ಮ ಕಣ, ನಳಿಕೆ ಅಥವಾ ಹಾಳೆಗಳನ್ನು ಸೇರಿಸಿ ಅವುಗಳ ಕಾರ್ಯಕ್ಷಮತೆಯನ್ನು ಹೆಚ್ಚಿಸಬಹುದು. ಕನಿಷ್ಠ ಒಂದು ಅಳತೆಯಾದರೂ 1ರಿಂದ 100 ನ್ಯಾನೊಮೀಟರ್ ಒಳಗಿರುವ ಇಂತಹ ವಸ್ತುಗಳನ್ನು ನ್ಯಾನೊವಸ್ತುಗಳು ಎನ್ನುತ್ತಾರೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ. ಈ ತಂತ್ರವೂ ನ್ಯಾನೊಫಿಲ್ಟ್ರೇಶನ್ ಎಂಬ ಶೋಧನಾ ವಿಧಾನವೂ ಬೇರೆ ಬೇರೆ. ನ್ಯಾನೊಫಿಲ್ಟ್ರೇಶನ್ ಎಂಬ ಹೆಸರು ಪೊರೆಯ ರಂಧ್ರಗಳ ಗಾತ್ರದಿಂದ ಬಂದಿದೆ.

ಹಿನ್ನೆಲೆ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕು ಸೇರಿದಂತೆ ಉತ್ತರ ಕರ್ನಾಟಕದ ಹಲವು ಒಣ ಪ್ರದೇಶಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಶಿಲೆಗಳಲ್ಲಿರುವ ಖನಿಜಗಳಿಂದ ಇದು ಅಂತರ್ಜಲಕ್ಕೆ ಸೇರುತ್ತದೆ. ಇಂತಹ ನೀರನ್ನು ಬಹುಕಾಲ ಕುಡಿದರೆ ಹಲ್ಲು ಮತ್ತು ಮೂಳೆಗಳಿಗೆ ಹಾನಿಮಾಡುವ ಫ್ಲೋರೋಸಿಸ್ ಉಂಟಾಗುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರ್‌ನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ರಾಜ್ಯದ ಅನೇಕ ಹಳ್ಳಿಗಳಲ್ಲಿ ಆರ್‌ಒ ಪೊರೆಗಳನ್ನು ಬಳಸುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಲಾಗಿದೆ.

ಪೊರೆಗಳ ಇತಿಮಿತಿ

ಬ್ಯಾಕ್ಟೀರಿಯಾಗಳನ್ನು ತಡೆಯುವ ಮೈಕ್ರೊಫಿಲ್ಟ್ರೇಶನ್ ಮತ್ತು ವೈರಸ್‌ಗಳನ್ನೂ ತಡೆಯಬಲ್ಲ ಅಲ್ಟ್ರಾಫಿಲ್ಟ್ರೇಶನ್ ಪೊರೆಗಳ ಮೂಲಕ ಫ್ಲೋರೈಡ್ ಅಯಾನು ಸುಲಭವಾಗಿ ಹಾದುಹೋಗುತ್ತದೆ. ಅದನ್ನು ತಡೆಯಲು ಆರ್‌ಒ ಅಥವಾ ಬಿಗಿಯಾದ ನ್ಯಾನೊಫಿಲ್ಟ್ರೇಶನ್ ಪೊರೆ ಬೇಕು. ಪೊರೆ ಬಿಗಿಯಾದಷ್ಟೂ ನೀರನ್ನು ದೂಡಲು ಹೆಚ್ಚಿನ ಒತ್ತಡ, ಅಂದರೆ ಹೆಚ್ಚಿನ ವಿದ್ಯುತ್ ಬೇಕಾಗುತ್ತದೆ. ಸಡಿಲವಾದರೆ ಲವಣಗಳು ದಾಟಿಬರುತ್ತವೆ. ಇದರೊಂದಿಗೆ ಲವಣದ ಪದರು ಮತ್ತು ಸೂಕ್ಷ್ಮಜೀವಿಗಳ ಲೋಳೆ ಕಟ್ಟಿಕೊಂಡು ಹರಿವು ಕುಗ್ಗುತ್ತದೆ. ನ್ಯಾನೊವಸ್ತುಗಳ ಬಳಕೆಯು ಮುಖ್ಯವಾಗಿ ಈ ಸಮಸ್ಯೆಗಳನ್ನು ಗುರಿಯಾಗಿಸಿದೆ.

ಬಳಸುವ ವಸ್ತುಗಳು

* ಜಿಯೋಲೈಟ್: ಕಣಗಳ ಒಳರಂಧ್ರಗಳು ನೀರಿಗೆ ಹೆಚ್ಚುವರಿ ದಾರಿಯಾಗುತ್ತವೆ.
* ಟೈಟಾನಿಯಂ ಡೈಆಕ್ಸೈಡ್: ಪೊರೆಯ ಜಲಾಕರ್ಷಕ ಗುಣವನ್ನು ಹೆಚ್ಚಿಸಿ ಕೊಳೆ ಅಂಟುವುದನ್ನು ತಗ್ಗಿಸುತ್ತದೆ.
* ಬೆಳ್ಳಿಯ ನ್ಯಾನೊಕಣ: ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ.
* ಕಾರ್ಬನ್ ನ್ಯಾನೊನಳಿಕೆ: ಇದರ ನುಣುಪಾದ ಒಳಮೈಯಲ್ಲಿ ನೀರು ವೇಗವಾಗಿ ಹರಿಯುತ್ತದೆ.
* ಗ್ರಾಫೀನ್ ಆಕ್ಸೈಡ್: ಒಂದರ ಮೇಲೊಂದು ಕುಳಿತ ಹಾಳೆಗಳ ನಡುವಿನ ಕಿರಿದಾದ ಅಂತರವೇ ಜರಡಿಯಾಗುತ್ತದೆ.

ತಯಾರಿಕೆ

ಒಂದು ವಿಧಾನದಲ್ಲಿ ಪಾಲಿಸಲ್ಫೋನ್‌ನಂತಹ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ನ್ಯಾನೊಕಣಗಳನ್ನು ಬೆರೆಸಿ, ತೆಳುವಾಗಿ ಹರಡಿ ನೀರಿನಲ್ಲಿ ಅದ್ದಲಾಗುತ್ತದೆ. ದ್ರಾವಕವು ನೀರಿಗೆ ಬಿಟ್ಟುಕೊಂಡಂತೆ ರಂಧ್ರಯುಕ್ತ ಪೊರೆ ಗಟ್ಟಿಯಾಗುತ್ತದೆ. ಆರ್‌ಒ ಪೊರೆಗಳಲ್ಲಿ ಇಂತಹ ಆಧಾರದ ಮೇಲೆ ಅತಿತೆಳುವಾದ ಪಾಲಿಅಮೈಡ್ ಪದರನ್ನು ರಚಿಸಲಾಗುತ್ತದೆ. ನ್ಯಾನೊಕಣಗಳನ್ನು ಈ ಪದರಿಗೂ ಸೇರಿಸಬಹುದು.

ಸಂಶೋಧನೆ

ಆಧುನಿಕ ಆರ್‌ಒ ಪೊರೆಗೆ ನಾಂದಿಯಾದ ಸೆಲ್ಯುಲೋಸ್ ಅಸಿಟೇಟ್ ಪೊರೆಯನ್ನು 1960ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ರೂಪಿಸಿದರು. 2007ರಲ್ಲಿ ಅದೇ ವಿಶ್ವವಿದ್ಯಾಲಯದ ಎರಿಕ್ ಹೋಕ್ ಮತ್ತು ಸಹೋದ್ಯೋಗಿಗಳು ಪಾಲಿಅಮೈಡ್ ಪದರಿನಲ್ಲಿ ಜಿಯೋಲೈಟ್ ನ್ಯಾನೊಕಣಗಳನ್ನು ಸೇರಿಸಿದಾಗ, ಲವಣ ತಡೆಯುವ ಗುಣ ಕುಂದದೆ ನೀರಿನ ಹರಿವು ಹೆಚ್ಚಿದುದನ್ನು ವರದಿಮಾಡಿದರು.

ಕರ್ನಾಟಕದಲ್ಲಿ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ (ಎನ್‌ಐಟಿಕೆ) ಅರುಣ್ ಇಸಳೂರ ಅವರ ತಂಡವು ಟೈಟಾನಿಯಂ ಡೈಆಕ್ಸೈಡ್ ನಳಿಕೆಗಳು ಹಾಗೂ ಹ್ಯಾಲೊಯ್ಸೈಟ್ ಎಂಬ ಜೇಡಿಖನಿಜದ ನಳಿಕೆಗಳನ್ನು ಸೇರಿಸಿದ ಪೊರೆಗಳ ಕುರಿತು ಅಧ್ಯಯನ ನಡೆಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡವು ಗ್ರಾಫೀನ್ ಆಕ್ಸೈಡ್ ಆಧಾರಿತ ಪೊರೆಗಳ ಬಗ್ಗೆ ಕೆಲಸ ಮಾಡಿದೆ.

ಸವಾಲುಗಳು

ನ್ಯಾನೊಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡಿದರೆ ಪೊರೆಯಲ್ಲಿ ದೋಷಗಳುಂಟಾಗಿ, ಅಲ್ಲಿಂದ ಲವಣ ಸೋರುತ್ತದೆ. ಕಣಗಳು ಪೊರೆಯಿಂದ ಬಿಡಿಸಿಕೊಂಡು ಕುಡಿಯುವ ನೀರಿಗೆ ಸೇರಬಾರದು. ಆದ್ದರಿಂದ ಅವನ್ನು ರಾಸಾಯನಿಕ ಬಂಧದಿಂದ ಪೊರೆಗೆ ಜೋಡಿಸುವ ಪ್ರಯತ್ನಗಳು ನಡೆದಿವೆ. ಪ್ರಯೋಗಾಲಯದ ಅಂಗೈಯಗಲದ ತುಣುಕಿನಲ್ಲಿ ದೊರೆತ ಫಲಿತಾಂಶವನ್ನು ದೊಡ್ಡ ಪೊರೆಗಳಲ್ಲಿ ಕಡಿಮೆ ವೆಚ್ಚದಲ್ಲಿ ಪಡೆಯುವುದೂ ಕಷ್ಟ.

ಪೊರೆ ಎಷ್ಟೇ ಉತ್ತಮವಾದರೂ ಅದು ತಡೆದ ಫ್ಲೋರೈಡ್ ನಾಶವಾಗುವುದಿಲ್ಲ. ಅದು ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಸಾಂದ್ರವಾಗಿ ಉಳಿಯುತ್ತದೆ. ಆ ನೀರನ್ನು ಬಯಲಿಗೆ ಬಿಟ್ಟರೆ ಅದೇ ಫ್ಲೋರೈಡ್ ಮತ್ತೆ ಅಂತರ್ಜಲವನ್ನು ಸೇರುವ ಸಾಧ್ಯತೆಯಿದೆ. ಹೀಗಾಗಿ ಫ್ಲೋರೈಡ್‌ಪೀಡಿತ ಪ್ರದೇಶಗಳಲ್ಲಿ ಪೊರೆಯ ಸುಧಾರಣೆಯ ಜೊತೆಗೆ ತ್ಯಾಜ್ಯ ನೀರಿನ ನಿರ್ವಹಣೆ, ಮಳೆನೀರು ಸಂಗ್ರಹ ಮತ್ತು ನದಿಮೂಲದ ನೀರು ಪೂರೈಕೆಯೂ ಅಗತ್ಯ.