ಮಧುಗಿರಿ: ಬೆಟ್ಟದ ದೊಣೆ, ಬಯಲ ತಲಪರಿಗೆ

ಮಧುಗಿರಿಯು ತುಮಕೂರಿನಿಂದ ಸುಮಾರು 43 ಕಿ.ಮೀ. ದೂರದಲ್ಲಿ, ಒಂದೇ ಬಂಡೆಯಂತೆ ಎದ್ದು ನಿಂತ ಬೆಟ್ಟದ ಬುಡದಲ್ಲಿ ಬೆಳೆದ ಪಟ್ಟಣ. ಬಹುಪಾಲು ಬರಹಗಳು ಅದರ ಚರಿತ್ರೆಯನ್ನು ಕೋಟೆಯಿಂದ ಆರಂಭಿಸುತ್ತವೆ. ಸ್ಥಳೀಯ ಐತಿಹ್ಯ ನೀರಿನಿಂದ ಆರಂಭಿಸುತ್ತದೆ. ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ತೊಯ್ದು ಬೆಟ್ಟದಿಂದ ಇಳಿದು ಬಂತು. ಮೇಲೆ ನೀರಿನ ಸೆಲೆಯಿದೆಯೆಂದು ಅರಿತ ಪಾಳೆಯಗಾರ ರಾಜಾ ಹಿರೇಗೌಡ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಜರ್ಮನಿಯ ವಿಲ್ಡ್‌ಬಾಡ್ ಎಂಬ ಪುಟ್ಟ ಪಟ್ಟಣಕ್ಕೂ ಇಂಥದೇ ಕಥೆಯಿದೆ: ಗಾಯಗೊಂಡ ಕಾಡುಹಂದಿಯಿಂದ ಅಲ್ಲಿನ ಬಿಸಿನೀರಿನ ಬುಗ್ಗೆ ಪತ್ತೆಯಾಯಿತಂತೆ. ಆ ಬುಗ್ಗೆಯ ಸುತ್ತ ಸ್ನಾನಗೃಹಗಳು ಎದ್ದವು. ಬರದ ಸೀಮೆಯಾದ ಇಲ್ಲಿ ನೀರಿದ್ದ ಜಾಗವೇ ಕಾವಲಿನ ಜಾಗವಾಯಿತು. ಮುತ್ತಿಗೆಯ ದಿನಗಳಲ್ಲಿ ಕೋಟೆಯನ್ನು ಉಳಿಸುವುದು ಮಳೆನೀರನ್ನು ಹಿಡಿದಿಡುವ ಬಂಡೆಯ ದೊಣೆಗಳೇ.

1678ರಲ್ಲಿ ಮಧುಗಿರಿ ಮೈಸೂರಿನ ವಶವಾಯಿತು. ಹೈದರಾಲಿ ಕೋಟೆಯನ್ನು ಬಲಪಡಿಸಿದ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇಲ್ಲಿಯೇ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಇಂದಿನ ಪಟ್ಟಣದ ಚಹರೆಯಾಗಿ ಉಳಿದಿರುವುದು ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳು, ದಂಡಿನ ಮಾರಮ್ಮನ ಗುಡಿ.

ಬೆಟ್ಟದ ನೀರು ದೊಣೆಯಲ್ಲಿ ನಿಂತರೆ ಬಯಲಿನ ನೀರು ತಾನಾಗಿ ಉಕ್ಕುತ್ತಿತ್ತು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೆಯ ಈ ನೀರಿನ ಸೆಲೆಗಳೇ ತಲಪರಿಗೆಗಳು. ಮರಳು ಮಣ್ಣಿನಲ್ಲಿ ಕೆಲವೇ ಅಡಿ ತೋಡಿದರೆ ನೀರು ಜಿನುಗುತ್ತಿತ್ತು. ಅದನ್ನು ಕಾಲುವೆಗೆ ತಿರುಗಿಸಿದರೆ ಏತವಿಲ್ಲದೆ, ಕಪಿಲೆಯಿಲ್ಲದೆ ಗದ್ದೆ ತಲುಪುತ್ತಿತ್ತು. ಕಾಲುವೆಯಲ್ಲಿ ಹೂಳು ತುಂಬಿದರೆ ಊರವರು ಮನೆಗೊಬ್ಬರಂತೆ ಗುದ್ದಲಿ ಹಿಡಿದು ಬಂದು ಎತ್ತುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ತಲಪರಿಗೆ ಒಬ್ಬರ ಸ್ವತ್ತಾಗಿರಲಿಲ್ಲ, ಆದ್ದರಿಂದಲೇ ತಲೆಮಾರುಗಳ ಕಾಲ ಬಾಳಿತು. ಈ ಸೀಮೆಯ ನಿಜವಾದ ಸಾಧನೆ ಕೋಟೆಯಲ್ಲ, ಈ ಏರ್ಪಾಡು.

ಆದರೆ ಮುಂದೆ ಕೊಳವೆಬಾವಿಗಳು ಅಂತರ್ಜಲವನ್ನು ಕೆಳಕ್ಕೆಳೆದವು, ತಲಪರಿಗೆಗಳು ಬತ್ತತೊಡಗಿದವು. ಜಯಮಂಗಲಿ ನದಿಯ ಪಾತ್ರದಿಂದ ಮರಳು ಖಾಲಿಯಾದಂತೆ ನೀರನ್ನು ಹೀರಿಟ್ಟುಕೊಳ್ಳುವ ಒಡಲೂ ಬರಿದಾಯಿತು. ಪಾವಗಡದಲ್ಲಂತೂ ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುವುದು, ಮೂಳೆ ಸೆಟೆದುಕೊಳ್ಳುವುದು ಅಲ್ಲಿ ಹಳೆಯ ಸಂಕಟ. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ; ಮಳೆ ನಂಬಿ ಸೋತ ರೈತರು ಅದಕ್ಕೆ ಜಮೀನನ್ನು ಗುತ್ತಿಗೆಗೆ ಕೊಟ್ಟರು.

ಕೋಟೆಯ ಗೋಡೆಗೆ ಸಿಗುವ ಸಂರಕ್ಷಣೆ ತಲಪರಿಗೆಗೂ ಸಿಗಬೇಕು. ಊರೂರಿನ ತಲಪರಿಗೆಗಳನ್ನು ಗುರುತಿಸಿ ನಕ್ಷೆಗೆ ಏರಿಸುವ ಕೆಲಸ, ಅವುಗಳನ್ನು ಕಂಡ ಹಿರಿಯರು ಇರುವಾಗಲೇ ಆಗಬೇಕು.