ಹನ್ನೆರಡು ಮಿಲಿಮೀಟರ್ ಹಳಿಯ ಮೇಲೆ ಹಿಜಾಜ್ ರೈಲು

ಅಲ್ ಉಲಾಕ್ಕೆ ಹೋದ ನಮ್ಮವರೆಲ್ಲ ಮದಾಯಿನ್ ಸಾಲೇಹ್‌ನ ಬಂಡೆಗೋರಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ಒಂದು ಹಳೆಯ ರೈಲು ನಿಲ್ದಾಣವೂ ಇದೆ. ಅದನ್ನು ನೋಡಿದವರು ಕಡಿಮೆ. ನೋಡಿದರೂ, ಈ ಮರಳುಗಾಡಿಗೆ ರೈಲು ಎಲ್ಲಿಂದ ಬಂತು ಎಂದು ಕೇಳಿದವರು ಇನ್ನೂ ಕಡಿಮೆ. ಡಮಾಸ್ಕಸ್‌ನಿಂದ ಬಂತು. ಅದು ಹಿಜಾಜ್ ರೈಲು. ಆ ದಾರಿಯ ಒಂದು ಸಣ್ಣ ತುಂಡನ್ನು ನಾವು ನಾಲ್ವರು ಗೆಳೆಯರು ಒಂದೂವರೆ ವರ್ಷದಿಂದ ಪ್ಲೈವುಡ್ ಹಲಗೆಯ ಮೇಲೆ ಕಟ್ಟುತ್ತಿದ್ದೇವೆ. ನಮ್ಮಲ್ಲಿ ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ಎಸಿ ಮೆಕ್ಯಾನಿಕ್, ಒಬ್ಬರು ಸ್ಟೋರ್ ಕೀಪರ್. ಈ ಲೇಖನ ಬರೆಯುವ ಕೆಲಸ ಬಿದ್ದದ್ದು ಆಸ್ಪತ್ರೆಯ ಫಾರ್ಮಸಿಯವರ ಪಾಲಿಗೆ.

ಇತಿಹಾಸ ಮೊದಲು. 1900ರಲ್ಲಿ ಉಸ್ಮಾನಿ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ ಡಮಾಸ್ಕಸ್‌ನಿಂದ ಮದೀನಾಕ್ಕೆ ರೈಲು ಹಾಕಲು ಆಜ್ಞೆ ಮಾಡಿದರು. ಅದುವರೆಗೆ ಹಜ್ ಯಾತ್ರಿಕರು ಒಂಟೆಗಳ ಸಾಲಿನಲ್ಲಿ ಈ ದೂರ ಕ್ರಮಿಸಲು ಸುಮಾರು 40 ದಿನ ಬೇಕಿತ್ತು. ರೈಲು ಬಂದ ಮೇಲೆ ಮೂರು ದಿನದ ಮಾತಾಯಿತು. ಯಾತ್ರಿಕರ ಅನುಕೂಲ ಒಂದು ಕಾರಣ. ದೂರದ ಪ್ರಾಂತ್ಯಕ್ಕೆ ಬೇಗ ಸೈನ್ಯ ಕಳಿಸುವುದು ಇನ್ನೊಂದು ಕಾರಣ. ಯುರೋಪಿನ ಸಾಲಕ್ಕೆ ಕೈಯೊಡ್ಡದೆ ಕಟ್ಟಬೇಕೆಂಬ ಹಟವಿದ್ದುದರಿಂದ ಜಗತ್ತಿನ ಮುಸಲ್ಮಾನರಿಂದ ಚಂದಾ ಎತ್ತಿದರು, ಸರ್ಕಾರಿ ನೌಕರರ ಸಂಬಳ ಹಿಡಿದರು, ಸ್ಟ್ಯಾಂಪ್ ಮಾರಿದರು, ಬಕ್ರೀದಿನ ಕುರಿಗಳ ಚರ್ಮ ಮಾರಿದ ಹಣವನ್ನೂ ಬಿಡಲಿಲ್ಲ. ನಮ್ಮ ದೇಶದಿಂದಲೂ ಹಣ ಹೋಯಿತು. ಹೈದರಾಬಾದಿನಲ್ಲಿ ಮುಲ್ಲಾ ಅಬ್ದುಲ್ ಖಯ್ಯೂಮ್ ಇದಕ್ಕಾಗಿ ಓಡಾಡಿದವರು. ಕೊಟ್ಟವರಿಗೆ ಪದಕ ಸಿಗುತ್ತಿತ್ತು.

ಮುಖ್ಯ ಎಂಜಿನಿಯರ್ ಜರ್ಮನಿಯ ಹೈನ್ರಿಕ್ ಆಗಸ್ಟ್ ಮೈಸ್ನರ್. ಕೆಲಸ ಮೆಚ್ಚಿ ಅವರಿಗೆ ಪಾಶಾ ಪದವಿ ಕೊಟ್ಟರು. 1904ರಲ್ಲಿ ಹಳಿ ಮಆನ್ ಮುಟ್ಟಿತು, 1906ರಲ್ಲಿ ತಬೂಕ್, 1907ರಲ್ಲಿ ಮದಾಯಿನ್ ಸಾಲೇಹ್. ಅಲ್ಲಿಂದ ಮುಂದೆ ಪವಿತ್ರ ನಗರದ ಕಡೆಗೆ ಮುಸ್ಲಿಂ ಎಂಜಿನಿಯರುಗಳೇ ಕೆಲಸ ನಡೆಸಿ, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿಯನ್ನು ಒಂದೇ ವರ್ಷದಲ್ಲಿ ಮುಗಿಸಿದರು. 1908ರ ಸೆಪ್ಟೆಂಬರ್ 1ರಂದು ಮದೀನಾದಲ್ಲಿ ಉದ್ಘಾಟನೆ.

ಮಾದರಿ ಕಟ್ಟುವವರಿಗೆ ಈ ರೈಲು ಒಂದು ಉಪಕಾರ ಮಾಡಿದೆ. ಇದರ ಹಳಿಗಳ ನಡುವಿನ ಅಗಲ 1,050 ಮಿಲಿಮೀಟರ್. ನಮ್ಮ ಊರಿನ ಹಳೆಯ ಮೀಟರ್ ಗೇಜಿಗಿಂತ ಐದು ಸೆಂಟಿಮೀಟರ್ ಜಾಸ್ತಿ. ಇಂಥ ವಿಚಿತ್ರ ಅಳತೆ ಯಾಕೆಂದರೆ, ಫ್ರೆಂಚರು ಮೊದಲೇ ಕಟ್ಟಿದ್ದ ಬೈರೂತ್–ಡಮಾಸ್ಕಸ್ ದಾರಿ ಅದೇ ಅಗಲದ್ದು. ಸಾಮಾನು ಬರಬೇಕಾದದ್ದು ಆ ದಾರಿಯಲ್ಲೇ. ಮಾದರಿ ರೈಲಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಪ್ರಮಾಣ 87ಕ್ಕೆ 1. 1,050ನ್ನು 87ರಿಂದ ಭಾಗಿಸಿ ನೋಡಿ, 12 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಯುರೋಪಿನ ಮೀಟರ್ ಗೇಜ್ ರೈಲುಗಳಿಗೆಂದು ಮಾರುವ ಮಾದರಿ ಹಳಿಯೂ 12 ಮಿಲಿಮೀಟರಿನದೇ. ಅಂದರೆ ಅಂಗಡಿಯ ಹಳಿ ಮೀಟರ್ ಗೇಜಿಗಿಂತ ಹಿಜಾಜ್ ರೈಲಿಗೇ ಸರಿಯಾಗಿ ಹೊಂದುತ್ತದೆ! ಆದರೆ ಆ ಹಳಿಯ ಸ್ಲೀಪರುಗಳು ಮರದ ನಮೂನೆಯವು. ಹಿಜಾಜ್ ರೈಲಿನಲ್ಲಿ ಬಹುಪಾಲು ಉಕ್ಕಿನ ಸ್ಲೀಪರುಗಳು, ಮರ ಆ ಬಿಸಿಲಿಗೆ ಬಾಳುವುದಿಲ್ಲ. ಹಾಗಾಗಿ ಸ್ಲೀಪರುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕೂಡಿಸಿದೆವು.

ಜಾಗದ ಲೆಕ್ಕ ಮಾತ್ರ ಎದೆ ಒಡೆಸುತ್ತದೆ. ಸುಮಾರು 1,300 ಕಿಲೋಮೀಟರಿನ ದಾರಿಯನ್ನು 87 ಪಟ್ಟು ಚಿಕ್ಕದು ಮಾಡಿದರೂ 15 ಕಿಲೋಮೀಟರ್ ಆಗುತ್ತದೆ. ಸುಮಾರು 20 ಕಿಲೋಮೀಟರಿಗೊಂದು ನಿಲ್ದಾಣ. ಎರಡು ನಿಲ್ದಾಣ ತೋರಿಸಬೇಕೆಂದರೆ 230 ಮೀಟರ್ ಬೇಕು. ನಮಗಿರುವುದು ಒಂದು ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾ ಹಿಂದಿನ ಎರಡು ಮೀಟರ್ ನಲವತ್ತು ಸೆಂಟಿಮೀಟರ್. ನಿಜದ ನೆಲದಲ್ಲಿ ಅದು ಇನ್ನೂರು ಮೀಟರ್ ಚಿಲ್ಲರೆ.

ಈ ಇನ್ನೂರು ಮೀಟರಿನಲ್ಲಿ ಏನು ತೋರಿಸಬೇಕು? ಇಲ್ಲೇ ನಮ್ಮೊಳಗೆ ಜಗಳ ಬಂತು. ಮಕ್ಕಳಿಗೆ ರೈಲು ಸ್ಫೋಟವಾಗಬೇಕು. ಲಾರೆನ್ಸ್ ಸಿನಿಮಾ ನೋಡಿದವರಿಗೆಲ್ಲ ಈ ರೈಲೆಂದರೆ ಅದೇ ನೆನಪು. 1917ರಿಂದ ಅರಬ್ ದಂಡುಗಳೂ ಬ್ರಿಟಿಷ್ ಅಧಿಕಾರಿಗಳೂ ಈ ಹಳಿಗಳಿಗೆ ಮದ್ದು ಇಟ್ಟದ್ದು ನಿಜವೇ. ಆದರೆ ಸಿನಿಮಾದ ಆ ದೃಶ್ಯ ಚಿತ್ರೀಕರಣವಾದದ್ದು ಸ್ಪೇನ್‌ನಲ್ಲಿ. ಅಲ್ಲದೆ ಮುರಿದ ಹಳಿಯನ್ನು ಉಸ್ಮಾನಿ ಸೈನಿಕರು ಮತ್ತೆ ಮತ್ತೆ ಜೋಡಿಸುತ್ತಲೇ ಇದ್ದರು. ಮದೀನಾದಲ್ಲಿ ಫಖ್ರಿ ಪಾಶಾ 1919ರ ಜನವರಿಯವರೆಗೂ ಸೋಲೊಪ್ಪಲಿಲ್ಲ. ಸ್ಫೋಟ ತೋರಿಸಿ ಜೋಡಣೆ ಬಿಟ್ಟರೆ ಅರ್ಧ ಕಥೆಯಷ್ಟೇ. ಸ್ಟೋರ್ ಕೀಪರ್ ಅಣ್ಣನಿಗೆ ನಿಲ್ದಾಣವೇ ಬೇಕು, ಉದ್ಘಾಟನೆಯ ಬಾವುಟ ಬೇಕು.

ಕೊನೆಗೆ ನಾವು ಆರಿಸಿದ್ದು 1907ರ ಬೇಸಿಗೆಯ ಒಂದು ದಿನ. ಮದಾಯಿನ್ ಸಾಲೇಹ್‌ಗೆ ಇನ್ನೂ ಕೆಲವು ಕಿಲೋಮೀಟರ್ ಇದೆ, ಹಳಿ ಅಲ್ಲಿಗೇ ನಿಂತಿದೆ, ಮುಂದೆ ಬರೀ ಮಣ್ಣಿನ ಏರಿ. "ರೈಲು ಹೋಗದ ರೈಲುದಾರಿ ಯಾರು ನೋಡ್ತಾರೆ ಮಾರಾಯ?" ಎಂದು ಎಲೆಕ್ಟ್ರಿಷಿಯನ್ ಅಣ್ಣ ಕೇಳಿದರು. ರೈಲು ಇದೆ: ಹಳಿ, ಸ್ಲೀಪರ್, ಹಿಟ್ಟಿನ ಮೂಟೆ, ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಟ್ಯಾಂಕ್ ವ್ಯಾಗನ್ ಹೊತ್ತು ಹಳಿಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುವ ಕೆಲಸದ ಗಾಡಿ. ಆ ಕಾಲದಲ್ಲಿ ಅದೇ ನಿಜವಾದ ಸಂಚಾರ. ಎಂಜಿನ್ನಿಗೂ ನೀರು ಬೇಕು, ಜನಕ್ಕೂ ನೀರು ಬೇಕು. ಬಾವಿಗಳು ದೂರ ದೂರ.

ಈ ಆಯ್ಕೆಯ ಹಿಂದೆ ಫಾರ್ಮಸಿಯ ಕಣ್ಣೂ ಇತ್ತೆಂದು ಒಪ್ಪಬೇಕು. ದಾರಿ ಕಟ್ಟಿದವರಲ್ಲಿ ಹೆಚ್ಚಿನವರು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿದ ಹುಡುಗರು. ಐದಾರು ಸಾವಿರ ಮಂದಿ, ಡೇರೆಯಲ್ಲಿ ವಾಸ. ಸಿಪಾಯಿ ಸಂಬಳದ ಮೇಲೆ ಸ್ವಲ್ಪ ಹೆಚ್ಚುವರಿ ಹಣ, ನಮ್ಮ ಭಾಷೆಯಲ್ಲಿ ಓವರ್‌ಟೈಮ್. ಉಸ್ಮಾನಿ ಸೇವೆಯಲ್ಲಿದ್ದ ಜರ್ಮನ್ ಸೇನಾಧಿಕಾರಿ ಔಲರ್ ಪಾಶಾ ಈ ಕೆಲಸ ನೋಡಿ ವರದಿ ಬರೆದಿದ್ದಾರೆ. ಊಟ ರೊಟ್ಟಿ, ಬಿಸ್ಕತ್ತು, ಅನ್ನ, ಅಪರೂಪಕ್ಕೆ ಮಾಂಸ. ತರಕಾರಿ, ಹಣ್ಣು ಇಲ್ಲ. ಪರಿಣಾಮ ಸ್ಕರ್ವಿ: ವಸಡು ಊದಿ ರಕ್ತ ಬರುವುದು, ಮೈಯೆಲ್ಲ ನೋವು, ಮಾಗಿದ ಗಾಯ ಮತ್ತೆ ಬಿಚ್ಚುವುದು. ಅದರ ಜೊತೆಗೆ ಕಾಲರಾ, ಟೈಫಾಯ್ಡ್. ನಿಂಬೆರಸ ಸ್ಕರ್ವಿಗೆ ಮದ್ದೆಂದು ನಾವಿಕರಿಗೆ 18ನೆಯ ಶತಮಾನದಲ್ಲೇ ಗೊತ್ತಿತ್ತು. ಆದರೆ ನಿಂಬೆಹಣ್ಣು ಮರಳುಗಾಡಿನ ತುದಿಗೆ ತಲುಪಬೇಕಲ್ಲ? ಇವತ್ತು ನೀರಿಗೆ ಹಾಕಿದರೆ ನೊರೆ ಬರುವ ವಿಟಮಿನ್ ಸಿ ಮಾತ್ರೆಯನ್ನು ನಮ್ಮ ಕೌಂಟರಿನಲ್ಲಿ ಚಾಕಲೇಟಿನಂತೆ ಕೇಳಿ ಒಯ್ಯುತ್ತಾರೆ.

ಇಷ್ಟು ಓದಿದ ಮೇಲೆ, ಆ ಹುಡುಗರಿಲ್ಲದೆ ಬರೀ ಎಂಜಿನ್ ಓಡಿಸುವುದು ನಮಗೆ ಸರಿ ಕಾಣಲಿಲ್ಲ. ಚಂದಾ ಕೊಟ್ಟವರಿಗೆ ಪದಕವಿತ್ತು, ಎಂಜಿನಿಯರರ ಹೆಸರು ಪುಸ್ತಕದಲ್ಲಿದೆ. ಸ್ಲೀಪರ್ ಹೊತ್ತವರ ಹೆಸರು ನಮಗೆ ಎಲ್ಲೂ ಓದಲು ಸಿಗಲಿಲ್ಲ. ಅದಕ್ಕೇ ಹಲಗೆಯ ಮುಂಭಾಗ ಪೂರ್ತಿ ಡೇರೆಗಳು, ಅಡುಗೆ ಒಲೆ, ನೀರಿಗೆ ಸಾಲು ನಿಂತವರು, ಒಂದು ಪಕ್ಕದಲ್ಲಿ ರೋಗಿಗಳ ಡೇರೆ.

ಮರಳಿನ ವಿಷಯ ಹೇಳಲೇಬೇಕು. ಮರಳುಗಾಡಿನಲ್ಲಿರುವವರಿಗೆ ಮರಳಿಗೇನು ಬರ ಎಂದು ನೀವು ನಗಬಹುದು. ಆದರೆ ಅರ್ಧ ಮಿಲಿಮೀಟರಿನ ಮರಳಿನ ಕಣ ಈ ಪ್ರಮಾಣದಲ್ಲಿ ನಾಲ್ಕು ಸೆಂಟಿಮೀಟರಿಗೂ ದಪ್ಪ, ಅಂದರೆ ಜಲ್ಲಿ. ಡಿಪ್ಲೊಮಾದಲ್ಲಿ ಪುಡಿಗಳ ಪಾಠ ಮಾಡುವಾಗ ನುಣ್ಣನೆಯ ಪುಡಿ 85ನೆಯ ನಂಬರಿನ ಜರಡಿಯಲ್ಲಿ ಇಳಿಯಬೇಕೆಂದು ಬಾಯಿಪಾಠ ಮಾಡಿಸಿದ್ದರು. ಅದರ ಕಣ್ಣು 180 ಮೈಕ್ರಾನ್. ಕುಟ್ಟಾಣಿಯಲ್ಲಿ ಅರೆದು, ಆ ಜರಡಿಯಲ್ಲಿ ಸೋಸಿ ಚಿಮುಕಿಸಿದರೆ ಹಲಗೆ ನಿಜವಾದ ನೆಲದಂತೆ ಕಾಣುತ್ತದೆ. ಜರಡಿಯ ಮೇಲೆ ಉಳಿದದ್ದು ಹಳಿಯ ಕೆಳಗಿನ ಜಲ್ಲಿಯಾಯಿತು. ಬಿಳಿ ಫೆವಿಕಾಲಿಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರೆ ಗಟ್ಟಿ ಕೂರುತ್ತದೆ. ಮರಳು ತಂದದ್ದು ನಮ್ಮದೇ ಬೀದಿಯ ಕಟ್ಟಡದ ಕೆಲಸದ ಜಾಗದಿಂದ, ಕೇಳಿಯೇ ತಂದದ್ದು. ಪುರಾತನ ಸ್ಥಳದಿಂದ ಒಂದು ಹರಳನ್ನೂ ಎತ್ತಬಾರದು.

ಹಲಗೆಯ ನಡುವೆ ಎರಡು ಕಮಾನಿನ ಕಲ್ಲಿನ ಮೋರಿ ಇದೆ. ಕೆಳಗೆ ಒಣ ಹಳ್ಳ. ಹನಿ ನೀರಿಲ್ಲದ ಕಡೆ ಸೇತುವೆ ಏಕೆ ಎಂದು ನೋಡಿದವರೆಲ್ಲ ಕೇಳುತ್ತಾರೆ. 2009ರ ನವೆಂಬರಿನಲ್ಲಿ ಜಿದ್ದಾದಲ್ಲಿ ಇದ್ದವರು ಕೇಳುವುದಿಲ್ಲ. ಈ ದಾರಿಯಲ್ಲಿ ಇಂಥ ಮೋರಿ, ಸೇತುವೆಗಳು ಎರಡು ಸಾವಿರಕ್ಕೂ ಹೆಚ್ಚು. ಹಳಿ ಹೋಗಿ ಎಷ್ಟೋ ಕಾಲವಾದರೂ ಇವುಗಳಲ್ಲಿ ಹಲವು ಇನ್ನೂ ನಿಂತಿವೆ.

ಉಳಿದಿರುವುದು ಜನರ ಬೊಂಬೆಗಳು. ಅಂಗಡಿಯಲ್ಲಿ ಸಿಗುವವು ಕೋಟು ತೊಟ್ಟ ಯುರೋಪಿನ ಪ್ರಯಾಣಿಕರು, ಎರಡು ಸೆಂಟಿಮೀಟರೂ ಎತ್ತರವಿಲ್ಲ. ಅವರ ಹ್ಯಾಟು ಕೆತ್ತಿ ತೆಗೆದು ಕೆಂಪು ತುರ್ಕಿ ಟೋಪಿ ಇಡಬೇಕು, ಕೈಯ ಸೂಟ್‌ಕೇಸ್ ಕತ್ತರಿಸಿ ಸಲಿಕೆ ಅಂಟಿಸಬೇಕು. ಅರವತ್ತರಲ್ಲಿ ನಲವತ್ತು ಮುಗಿದಿವೆ. ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲ ಬಳಿ ಇಡುವ ಯೋಚನೆ. ಬಣ್ಣ ಹಚ್ಚಲು ಕೈ ಜೋಡಿಸುವವರು ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಬರಬಹುದು. ನಲವತ್ತು ದಾಟಿದವರು ಓದುವ ಕನ್ನಡಕ ತರಲಿ.